ಊಟ ಬಿಡುವ ಮಕ್ಕಳು: ಹಟವಲ್ಲ, ಕಾಯಿಲೆ

ಹರೆಯದ ಮಗಳು ಎರಡು ರೊಟ್ಟಿಯಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಯುತ್ತಾಳೆ. ಕೇಳಿದರೆ ‘ಹೊಟ್ಟೆ ಉಬ್ಬರ’, ‘ಇವತ್ತು ಉಪವಾಸ’ ಎನ್ನುತ್ತಾಳೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಇದನ್ನು ಹಟವೆಂದೋ, ದೃಷ್ಟಿ ತಾಗಿದೆಯೆಂದೋ ತಿಳಿಯುವವರು ಇಲ್ಲದಿಲ್ಲ. ಆದರೆ ತೂಕ ಇಳಿಯುತ್ತಲೇ ಇದ್ದು ಮುಟ್ಟೂ ನಿಂತರೆ ಅದು ‘ಅನೊರೆಕ್ಸಿಯಾ ನರ್ವೋಸಾ’ ಇರಬಹುದು. ಗಂಡುಮಕ್ಕಳಿಗೂ ಇದು ಬರುತ್ತದೆ. ದಪ್ಪಗಾಗುವ ಭಯವನ್ನು ನಮ್ಮಲ್ಲಿ ಕೆಲವರು ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆಯ ತೊಂದರೆಯನ್ನೇ ಹೇಳುತ್ತಾರೆ. ಕ್ಷಯ, ಥೈರಾಯ್ಡ್ ಮುಂತಾದ ಕಾಯಿಲೆಗಳಿಲ್ಲವೆಂದು ವೈದ್ಯರು ಮೊದಲು ಖಚಿತಪಡಿಸಿಕೊಳ್ಳಬೇಕು.

ಬುದ್ಧಿಮಾತು ಏಕೆ ನಾಟದು?

ಹಸಿವು ಮಿದುಳನ್ನೂ ಬಾಧಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಹಗಲಿರುಳೂ ಊಟದ್ದೇ ಯೋಚನೆಯಾಯಿತು. ಸಿಡುಕು, ಖಿನ್ನತೆ ಹೆಚ್ಚಿತು. ಏಕಾಗ್ರತೆ ಇಲ್ಲವೆಂದು ಅವರೇ ದೂರಿದರು.

ಈ ಕಾಯಿಲೆಯ ಮಕ್ಕಳಲ್ಲಿ ಅನೇಕರ ಯೋಚನೆ ಒಂದೇ ಜಾಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಚಮಚ ಎಣ್ಣೆ ದೊಡ್ಡದಾಗಿ ಕಾಣುತ್ತದೆ, ಸೊರಗಿದ ಮೈ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತಿರಬಹುದು; ಅದನ್ನು ನೋಡಿ ಪೋಷಕರು ಮೋಸಹೋಗಬಾರದು.

ಚಿಕಿತ್ಸೆ

ಮೊದಲ ಔಷಧ ಊಟವೇ. ಹದಿಹರೆಯದವರಿಗೆ ಕುಟುಂಬವನ್ನು ಜೊತೆಗೂಡಿಸಿಕೊಂಡ ಚಿಕಿತ್ಸೆ ಹೆಚ್ಚು ಫಲಕಾರಿ. ಏನು, ಎಷ್ಟು ಉಣ್ಣಬೇಕೆಂಬುದನ್ನು ಕೆಲಕಾಲ ತಂದೆತಾಯಿ ನಿರ್ಧರಿಸುತ್ತಾರೆ. ಪಕ್ಕದಲ್ಲೇ ಕುಳಿತು ಉಣಿಸುತ್ತಾರೆ. ತೂಕ ಏರಿದಂತೆ ಆ ಹೊಣೆ ಮತ್ತೆ ಮಗುವಿಗೆ ಬರುತ್ತದೆ. ಜೊತೆಗೆ, ಯೋಚನೆಯ ಜಾಡು ಬದಲಿಸುವುದನ್ನು ಆಟ, ಒಗಟುಗಳ ಮೂಲಕ ಕಲಿಸುವ ತರಬೇತಿಯೂ ಇದೆ. ಆದರೆ ಅದು ಊಟಕ್ಕೆ ಬದಲಿಯಲ್ಲ.

ಎಚ್ಚರಿಕೆ: ಬಹುದಿನ ಸರಿಯಾಗಿ ಉಣ್ಣದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದ ಲವಣಾಂಶ ಏರುಪೇರಾಗಿ ಹೃದಯಕ್ಕೆ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿ ಹೆಚ್ಚಿಸಿ. ತಲೆಸುತ್ತಿ ಬೀಳುವುದು, ನಾಡಿ ತೀರ ನಿಧಾನವಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೂಕ, ನಾಡಿ, ರಕ್ತ ಪರೀಕ್ಷೆ ಮಾಡಿಸಿ. ಮುಂದೆ ಹಾವೇರಿ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಮಗುವನ್ನು ಗದರಿಸಬೇಡಿ, ಮೈಕಟ್ಟನ್ನು ಹಂಗಿಸಬೇಡಿ. ತಟ್ಟೆಯ ಮುಂದೆ ವಾದ ಬೇಡ. ಹಸಿದ ಮಿದುಳಿಗೆ ಮೊದಲು ಅನ್ನ ಬೇಕು, ಮಾತು ಆಮೇಲೆ.