ಮಾಸ್ತರ ಬೆನ್ನಿಗೊಬ್ಬ ಹವಾಲ್ದಾರ

ಶಾಲೆಯ ಹುಡುಗರಿಗೆ ಕವಾಯತು ಕಲಿಸುವವರು ಯಾರಾಗಿರಬೇಕು? ಅದೇ ಶಾಲೆಯಲ್ಲಿ ಗಣಿತವನ್ನೋ ಕನ್ನಡವನ್ನೋ ಕಲಿಸುತ್ತ ವಾರಕ್ಕೊಮ್ಮೆ ಖಾಕಿ ತೊಡುವ ಮಾಸ್ತರರೇ, ಇಲ್ಲವೇ ಅದೊಂದೇ ಕೆಲಸಕ್ಕೆ ಸಂಬಳ ಕೊಟ್ಟು ಕಳಿಸಿದ ಹೊರಗಿನವರೇ? ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೆಹಲಿ ಈ ಪ್ರಶ್ನೆಗೆ ಒಂದಲ್ಲ, ಮೂರು ಉತ್ತರ ಕೊಟ್ಟಿತು. ಮೂರೂ ಕೆಲಕಾಲ ಒಟ್ಟಿಗೇ ನಡೆದವು. ಈಗ ಉಳಿದಿರುವುದು ಎನ್‌ಸಿಸಿ ಒಂದೇ. ಉಳಿದೆರಡರ ಹೆಸರು ಕೇಳಿದರೆ ಎಪ್ಪತ್ತು ದಾಟಿದವರು ಮಾತ್ರ ಹೌದೆಂದಾರು. ಗಡಿ ಮತ್ತು ಕರಾವಳಿ ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸಿಕೊಳ್ಳುವುದಾಗಿ 2020ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದರು. ಒಟ್ಟು 173 ಜಿಲ್ಲೆಗಳ ಆ ಯೋಜನೆಯ ಹೊತ್ತಿನಲ್ಲಾದರೂ, ಎರಡು ಉತ್ತರಗಳು ಏಕೆ ಅಳಿದವು, ಒಂದು ಏಕೆ ಉಳಿಯಿತು ಎಂಬುದನ್ನು ಕೆದಕಿ ನೋಡಬೇಕಿತ್ತು. ಯಾರೂ ನೋಡಿದಂತಿಲ್ಲ.

ಅಳಿದವುಗಳಲ್ಲಿ ಹೆಚ್ಚು ಕುತೂಹಲದ್ದು ಜಗನ್ನಾಥರಾವ್ ಭೋಸಲೆ ಕಟ್ಟಿದ್ದು. ಕಾರವಾರದಿಂದ ಗೋವಾ ದಾಟಿದರೆ ಸಿಗುವ ಸಾವಂತವಾಡಿ ಸೀಮೆಯ ತಿರೋಡೆಯಲ್ಲಿ 1906ರಲ್ಲಿ ಹುಟ್ಟಿದ ಭೋಸಲೆ, ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿ ಚೀಫ್ ಆಫ್ ಸ್ಟಾಫ್ ಆಗಿದ್ದವರು. ಸ್ವಾತಂತ್ರ್ಯಾನಂತರ ಲೋಕಸಭೆಗೆ ಆಯ್ಕೆಯಾಗಿ ಪುನರ್ವಸತಿ ಖಾತೆಯ ಉಪಮಂತ್ರಿಯಾದರು. ದೇಶ ಒಡೆದಾಗ ಮನೆಮಾರು ಕಳೆದುಕೊಂಡು ಬಂದವರ ಮಕ್ಕಳು ಕಣ್ಣೆದುರಿಗೇ ಇದ್ದರು. 1954ರಲ್ಲಿ ದೆಹಲಿಯ ಲಾಜಪತ್ ನಗರದ ಕಸ್ತೂರಬಾ ನಿಕೇತನದಲ್ಲಿ ಅಂಥ ಮಕ್ಕಳನ್ನು ಸೇರಿಸಿ ವ್ಯಾಯಾಮ, ಕವಾಯತು, ಸಮೂಹಗಾಯನ ಶುರುಮಾಡಿಸಿದರು. ಅದೇ ಬೆಳೆದು ರಾಷ್ಟ್ರೀಯ ಶಿಸ್ತು ಯೋಜನೆ ಎನಿಸಿತು, ಆಮೇಲೆ ಶಿಕ್ಷಣ ಸಚಿವಾಲಯದ ಕೈಗೆ ಹೋಯಿತು. ಇದರ ವಿಶೇಷವಿದ್ದದ್ದು ಕಲಿಸುವವರಲ್ಲಿ. ಅವರು ಶಾಲೆಯ ಮಾಸ್ತರರಲ್ಲ. ರಾಜಸ್ಥಾನದ ಸಾರಿಸ್ಕಾದಂಥ ಕೇಂದ್ರಗಳಲ್ಲಿ ತರಬೇತಿ ಪಡೆದು, ಕೇಂದ್ರ ಸರ್ಕಾರದ ಸಂಬಳದಲ್ಲಿ ಶಾಲೆಗೆ ಬಂದು ನಿಲ್ಲುತ್ತಿದ್ದ ಪೂರ್ಣಾವಧಿ ಶಿಕ್ಷಕರು. ಕೆಲಸ ಚೊಕ್ಕವಾಗಿತ್ತು. ಆದರೆ ಶಾಲೆಯ ಮಟ್ಟಿಗೆ ಅವರು ಹೊರಗಿನವರು, ಹಾಜರಿ ಪುಸ್ತಕವೂ ಬೇರೆ, ಮೇಲಧಿಕಾರಿಯೂ ಬೇರೆ.

ಇದಕ್ಕೆ ತದ್ವಿರುದ್ಧವಾದದ್ದು ಆಕ್ಸಿಲಿಯರಿ ಕೆಡೆಟ್ ಕೋರ್, ಹಳಬರ ಬಾಯಲ್ಲಿ ಎಸಿಸಿ. ಎನ್‌ಸಿಸಿಯಲ್ಲಿ ಜಾಗ ಸಿಗದ ಹೈಸ್ಕೂಲು ಮಕ್ಕಳಿಗಾಗಿ ಐವತ್ತರ ದಶಕದ ಆರಂಭದಲ್ಲಿ ಬಂದ ಇದರಲ್ಲಿ ಶಾಲೆಯ ಮಾಸ್ತರರೇ ಎಲ್ಲ. ಚಿಕ್ಕದೊಂದು ತರಬೇತಿ ಮುಗಿಸಿ ಬಂದವರು ಪಾಠದ ಜತೆಗೇ ಇದನ್ನೂ ನಡೆಸಬೇಕು. ಖರ್ಚು ಕಮ್ಮಿ, ಹಬ್ಬುವುದು ಸಲೀಸು. ಭೋಸಲೆಯವರದು ಸಂಬಳದವರೇ ತುಂಬಿದ ಯೋಜನೆಯಾದರೆ, ಇದು ಹೆಚ್ಚುಕಡಿಮೆ ಸ್ವಯಂಸೇವೆಯ ಮೇಲೇ ನಿಂತದ್ದು.

ಇವೆರಡರ ನಡುವಿನ ದಾರಿ ಹೃದಯನಾಥ ಕುಂಜ್ರು ಅವರದು. 1946ರಲ್ಲಿ ನೇಮಕವಾದ ಅವರ ಸಮಿತಿ ಮರುವರ್ಷದ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅದರ ಬಲದ ಮೇಲೆ 1948ರ ಏಪ್ರಿಲ್‌ನಲ್ಲಿ ಎನ್‌ಸಿಸಿ ಕಾಯ್ದೆ ಬಂತು, ಜುಲೈ 15ರಂದು ಸಂಸ್ಥೆ ಕೆಲಸಕ್ಕಿಳಿಯಿತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಗೋಪಾಲ ಗುರುನಾಥ ಬೇವೂರ ಮೊದಲ ನಿರ್ದೇಶಕರು. ಆಗ ಕೆಡೆಟ್‌ಗಳು ಸುಮಾರು 20,000. ಕಂಪನಿ ಇಲ್ಲವೇ ಟ್ರೂಪು ನಡೆಸುವ ಅಧಿಕಾರಿ ಅದೇ ಶಾಲೆ-ಕಾಲೇಜಿನ ಅಧ್ಯಾಪಕ. ಅವನ ಬೆನ್ನಿಗೆ ಸೈನ್ಯದಿಂದ ನಿಯೋಜನೆಯ ಮೇಲೆ ಬಂದ ಸುಬೇದಾರ, ಹವಾಲ್ದಾರರು. ಬೆಟಾಲಿಯನ್ ಕಚೇರಿಯಲ್ಲಿ ಕಾಗದಪತ್ರ, ಉಗ್ರಾಣ, ವಾಹನ ನೋಡಿಕೊಳ್ಳಲು ರಾಜ್ಯ ಸರ್ಕಾರದ ಗುಮಾಸ್ತರು, ಚಾಲಕರು. ಮಾಸ್ತರರಿಗೆ ಸಿಗುವುದು ಅಲ್ಪ ಗೌರವಧನ, ಉಳಿದವರಿಗೆ ತಿಂಗಳ ಸಂಬಳ. ಹುಡುಗನ ಮನೆ, ಮಾರ್ಕು, ಕಾಯಿಲೆ ಬಲ್ಲವನು ಮಾಸ್ತರ. ಬಂದೂಕು ಬಿಚ್ಚಿ ಜೋಡಿಸುವುದನ್ನು ಬಲ್ಲವನು ಹವಾಲ್ದಾರ. ಒಬ್ಬನ ಕೆಲಸ ಇನ್ನೊಬ್ಬನಿಂದಾಗದು ಎಂಬುದೇ ಈ ಏರ್ಪಾಡಿನ ತಿರುಳು.

ಕುಂಜ್ರು ಅವರಿಗೆ ಈ ವಿಚಾರ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ. ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಅವರು 1936ರಿಂದ ಅಧ್ಯಕ್ಷರು. ದೇಶಸೇವೆ ಬಿಡುವಿದ್ದವರ ಹವ್ಯಾಸವಾಗಬಾರದು, ಸೇವಕನ ಹೊಟ್ಟೆಬಟ್ಟೆಯ ಚಿಂತೆಯನ್ನು ಸಂಸ್ಥೆಯೇ ಹೊರಬೇಕು ಎಂಬುದು ಆ ಸಮಾಜದ ಕ್ರಮ. ಸದಸ್ಯ ತನಗಾಗಿ ಗಳಿಸುವಂತಿಲ್ಲ, ಸಮಾಜ ಕೊಟ್ಟ ಜೀವನಾಂಶದಲ್ಲಿ ಸಂಸಾರ ತೂಗಿಸಬೇಕು. ಇದರ ಫಲವನ್ನು ಉತ್ತರ ಕನ್ನಡ ಕಣ್ಣಾರೆ ಕಂಡಿದೆ. ಮುಂಬಯಿಯ ಕಾರ್ಮಿಕರ ನಡುವೆ ದುಡಿದು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಈ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದ ಅಂಕೋಲೆಯ ದಿನಕರ ದೇಸಾಯಿ ಅದೇ ಸಮಾಜದ ಸದಸ್ಯರು. ಅವರ ಬದುಕನ್ನು ನೋಡಿದವರು ಯಾರೂ ಜೀವನಾಂಶ ಪಡೆದವನ ಸೇವೆ ಸೇವೆಯಲ್ಲ ಎಂದು ಹೇಳಲಾರರು. ಸಂಬಳಕ್ಕೂ ತ್ಯಾಗಕ್ಕೂ ವೈರವಿದೆ ಎಂಬುದು ನಾವು ಆಮೇಲೆ ಕಲಿತ ಪಾಠ.

ಏರ್ಪಾಡು ಸರಿಯಿತ್ತೆಂಬುದಕ್ಕೆ ಅದನ್ನು ಮುರಿದಾಗ ಆದದ್ದೇ ಸಾಕ್ಷಿ. ಬೇಡಿಕೆ ಹೆಚ್ಚಿತೆಂದು 1960ರಲ್ಲಿ ಎನ್‌ಸಿಸಿ ರೈಫಲ್ಸ್ ಎಂಬ ಅಗ್ಗದ ಆವೃತ್ತಿ ತಂದರು. 1962ರ ಚೀನಾ ಯುದ್ಧದ ಮಾರನೆಯ ವರ್ಷ ಕಾಲೇಜು ಹುಡುಗರಿಗೆಲ್ಲ ಎನ್‌ಸಿಸಿ ಕಡ್ಡಾಯವಾಯಿತು. ಸೈನ್ಯ ತಾನೇ ಬೆಳೆಯಬೇಕಿದ್ದ ಗಳಿಗೆ ಅದು, ಅಧಿಕಾರಿಗಳನ್ನು ಎನ್‌ಸಿಸಿಗೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆ ಕೊರತೆ ತುಂಬಲು ಮಾಸ್ತರ ಅಧಿಕಾರಿಗಳನ್ನೇ ಪೂರ್ಣಾವಧಿಗೆ ತೆಗೆದುಕೊಂಡದ್ದೂ ಉಂಟು. ಮಕ್ಕಳ ಸಂಖ್ಯೆ ಏರಿದ ವೇಗದಲ್ಲಿ ಕಲಿಸುವವರು, ಬಂದೂಕು, ಬೂಟು ಏರಲಿಲ್ಲ. ಬಿಸಿಲಲ್ಲಿ ಸಾಲು ನಿಲ್ಲಿಸಿ ಹಾಜರಿ ಹಾಕುವುದೇ ತರಬೇತಿಯಾದರೆ ಯಾರಿಗೆ ಬೇಕು? 1968ರಲ್ಲಿ ಕಡ್ಡಾಯ ಹೋಯಿತು, ಮರುವರ್ಷ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಬಂತು. ಹುಡುಗರಿಗೆ ದೇಶಭಕ್ತಿ ಸಾಲಲಿಲ್ಲ ಎಂದು ದೂರಿದವರು ಬೆನ್ನಿಗಿದ್ದ ಸಂಬಳದ ಕೈಗಳನ್ನು ಎಣಿಸಬೇಕಿತ್ತು.

ಉಳಿದೆರಡು ಯೋಜನೆಗಳ ತೀರ್ಪು ಬರೆದವರೂ ಕುಂಜ್ರು ಅವರೇ. ಒಂದೇ ಬಗೆಯ ಕೆಲಸಕ್ಕೆ ಇಷ್ಟೊಂದು ಯೋಜನೆಗಳೇಕೆ ಎಂದು ನೋಡಲು 1959ರಲ್ಲಿ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಎಲ್ಲವನ್ನೂ ಬೆಸೆದ ಒಂದೇ ಕಾರ್ಯಕ್ರಮ ಸಾಕೆಂದಿತು ಆ ಸಮಿತಿ. ಭೋಸಲೆ 1963ರಲ್ಲಿ ತೀರಿಕೊಂಡರು. 1965ರಲ್ಲಿ ಅವರ ಯೋಜನೆಯನ್ನೂ ಎಸಿಸಿಯನ್ನೂ ನುಂಗಿ ನ್ಯಾಷನಲ್ ಫಿಟ್‌ನೆಸ್ ಕೋರ್ ಹುಟ್ಟಿತು. ಆಮೇಲಿನದು ಬರೀ ನೌಕರಿಯ ಕಥೆ: ಕೇಂದ್ರದ ಶಿಕ್ಷಕರನ್ನು ರಾಜ್ಯಗಳು ತೆಗೆದುಕೊಳ್ಳಬೇಕೆಂಬ ಹಗ್ಗಜಗ್ಗಾಟ ಎಪ್ಪತ್ತರ ದಶಕಕ್ಕೂ ಎಳೆಯಿತು. ಯೋಜನೆ ಶಾಲೆಗಳೊಳಗೆ ಬೇರು ಬಿಟ್ಟಿದ್ದರೆ ಅದನ್ನು ಉಳಿಸಿಕೊಳ್ಳಲು ಶಾಲೆಗಳೇ ಬಾಯಿ ತೆರೆಯುತ್ತಿದ್ದವು. ಫೌಜು ಕಟ್ಟಿದ ಮನುಷ್ಯನ ಕನಸು ಹೀಗೆ ವರ್ಗಾವಣೆ ಆದೇಶಗಳಲ್ಲಿ ಮುಗಿದದ್ದು ಬೇಸರದ ಸಂಗತಿಯೇ. ಆದರೂ ಪಾಠ ಸ್ಪಷ್ಟವಿದೆ. ಮಾಸ್ತರರಿಲ್ಲದ ಸಂಬಳದವರೂ ನಿಲ್ಲಲಿಲ್ಲ, ಸಂಬಳದವರಿಲ್ಲದ ಮಾಸ್ತರರೂ ನಿಲ್ಲಲಿಲ್ಲ.

ಇದನ್ನು ಇಂದಿನ ನೆಲಕ್ಕೆ ತಂದು ನೋಡಬಹುದು. ಹೊನ್ನಾವರ-ಕುಮಟೆ ನಡುವಿನ ಹೆದ್ದಾರಿಯ ಊರು ಹಳದೀಪುರ. ಇಂಥ ಊರಿನ ಹೈಸ್ಕೂಲಿಗೆ ಹೊಸ ಟ್ರೂಪು ಮಂಜೂರಾಯಿತು ಎನ್ನಿ. ಬೆಟಾಲಿಯನ್ ಕಚೇರಿ ಕಾರವಾರದಲ್ಲಿ. ಪರೇಡಿಗೆ ಬರುವ ಹವಾಲ್ದಾರ ಗಂಗಾವಳಿ, ಅಘನಾಶಿನಿ ಎರಡೂ ಹೊಳೆ ದಾಟಿ ಎಂಬತ್ತು ಕಿಲೋಮೀಟರ್ ಹತ್ತಿರ ಬರಬೇಕು, ಅದೇ ದಾರಿ ಹಿಂತಿರುಗಬೇಕು. ಮಳೆಗಾಲದಲ್ಲಿ ಮೈದಾನವೇ ಕೆರೆ. ಪಾಯಿಂಟ್ ಟೂಟೂ ರೈಫಲ್ಲು ಬರಬೇಕಾದರೆ ವಾಹನ, ಕಾವಲು, ಸಹಿ. ಇತ್ತ ಮಾಸ್ತರರು ಪ್ರತಿ ಹುಡುಗನ ಅರ್ಜಿ, ವೈದ್ಯರ ಪತ್ರ, ಪಾಲಕರ ಒಪ್ಪಿಗೆ, ಬ್ಯಾಂಕ್ ಖಾತೆ ಹೊಂದಿಸಬೇಕು. ಸಮವಸ್ತ್ರದ ಹಣ ಈಗ ಖಾತೆಗೇ ಬರುವುದರಿಂದ ಹೆಸರಿನ ಒಂದಕ್ಷರ ತಪ್ಪಿದರೂ ಮತ್ತೆ ಮೊದಲಿಂದ. ಉಪಾಹಾರದ ಬಿಲ್ಲು, ಶಿಬಿರಕ್ಕೆ ಹೊರಟವರ ಪಟ್ಟಿ, ಎ ಸರ್ಟಿಫಿಕೇಟ್ ಪರೀಕ್ಷೆಯ ಕಾಗದ ಎಲ್ಲವೂ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ನಡುವೆಯೇ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಕಮ್ಮಿಯಾದರೆ ಅವನ ಕೆಲಸ ಮಾಯವಾಗುವುದಿಲ್ಲ, ಈ ಮಾಸ್ತರರ ಮೇಜಿಗೆ ಬಂದು ಕೂರುತ್ತದೆ.

ಸಂಬಳದವರು ಹೆಚ್ಚಿದಷ್ಟೂ ಸ್ವಯಂಸೇವೆ ಸೊರಗುತ್ತದೆ, ಮಾಸ್ತರರು ಸಹಿ ಹಾಕುವವರಾಗಿಬಿಡುತ್ತಾರೆ ಎಂಬ ಆಕ್ಷೇಪವಿದೆ. ಭೋಸಲೆಯವರ ಯೋಜನೆಯ ಗತಿ ನೋಡಿದರೆ ಇದನ್ನು ತಳ್ಳಿಹಾಕಲಾಗದು. ಆದರೆ ಅಲ್ಲಿ ಸಂಬಳದವರು ಮಾಸ್ತರರ ಜಾಗದಲ್ಲಿ ನಿಂತಿದ್ದರು, ಬೆನ್ನಿಗಲ್ಲ. ಇನ್ನೊಂದು ವಾದ ನಿವೃತ್ತ ಸೈನಿಕರದು. ಮೂರು ಲಕ್ಷ ಕೆಡೆಟ್‌ಗಳನ್ನು ಹೆಚ್ಚಿಸಿ ಸಂಖ್ಯೆಯನ್ನು 20 ಲಕ್ಷಕ್ಕೇರಿಸುವ 2024ರ ಯೋಜನೆಯಲ್ಲಿ ಅವರನ್ನೇ ತರಬೇತುದಾರರಾಗಿ ತೆಗೆದುಕೊಳ್ಳುವ ಪ್ರಸ್ತಾಪವಿದೆ. ಊರಲ್ಲೇ ಇರುವ ಮಾಜಿ ಸುಬೇದಾರ ಕಾರವಾರದಿಂದ ಬಸ್ಸು ಹಿಡಿಯಬೇಕಿಲ್ಲ, ಎರಡು-ಮೂರು ವರ್ಷಕ್ಕೆ ರೆಜಿಮೆಂಟಿಗೆ ಮರಳುವುದೂ ಇಲ್ಲ. ಒಳ್ಳೆಯ ವಿಚಾರವೇ. ಆದರೆ ಮಾಜಿ ಸುಬೇದಾರ ಬಂದನೆಂದು ಗುಮಾಸ್ತನ ಹುದ್ದೆ ಖಾಲಿ ಬಿಟ್ಟರೆ ಒಂದು ತೂತು ಮುಚ್ಚಿ ಇನ್ನೊಂದು ತೋಡಿದಂತೆ. ಖರ್ಚಿನ ಮಾತು ಮೂರನೆಯದು. ಕೇಂದ್ರವೂ ರಾಜ್ಯವೂ ಹಂಚಿಕೊಳ್ಳುವ ಲೆಕ್ಕದಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ಸಿಬ್ಬಂದಿಯ ಸಾಲಿನ ಮೇಲೆ. ಎಸಿಸಿ, ರೈಫಲ್ಸ್ ಎರಡನ್ನೂ ಅಗ್ಗವೆಂದೇ ತಂದದ್ದು. ಎರಡೂ ಇಂದು ಇಲ್ಲ. ಬಾಳದ ಅಗ್ಗಕ್ಕಿಂತ ದುಬಾರಿ ಯಾವುದಿದೆ?

ಮಂಜೂರಾತಿ ಪತ್ರ ಬಂದಾಗ ಪತ್ರಿಕೆಗಳಲ್ಲಿ ಕಾಣುವುದು ಕೆಡೆಟ್‌ಗಳ ಸಂಖ್ಯೆ, ಅವರಲ್ಲಿ ಹುಡುಗಿಯರೆಷ್ಟು ಎಂಬುದು. ಅದರ ಪಕ್ಕದಲ್ಲೇ ಹವಾಲ್ದಾರರು ಎಷ್ಟು, ಗುಮಾಸ್ತರು ಎಷ್ಟು, ತುಂಬಿದ ಹುದ್ದೆಗಳೆಷ್ಟು ಎಂದೂ ಅಚ್ಚಾಗಬೇಕು. ಶಾಲೆಯ ಆಡಳಿತ ಮಂಡಳಿಗಳು ಒಪ್ಪಿಗೆ ಬರೆಯುವ ಮೊದಲು ಕೇಳಬೇಕಾದದ್ದೂ ಇದನ್ನೇ. ಸ್ವಯಂಸೇವಕರನ್ನು ಹೊಗಳುವುದಕ್ಕೆ ನವೆಂಬರಿನ ಎನ್‌ಸಿಸಿ ದಿನವಿದೆ, ಭಾಷಣಕ್ಕೆ ಹಣ ಬೇಕಿಲ್ಲ. ಅವರ ಪಕ್ಕಕ್ಕೆ ಸಂಬಳದ ಒಬ್ಬ ಆಳು ನಿಲ್ಲಿಸುವುದಕ್ಕೆ ಬೇಕು, ಮತ್ತು ಅಷ್ಟನ್ನೂ ಕೊಡಲಾಗದ ಸರ್ಕಾರಕ್ಕೆ ಮಾಸ್ತರರ ಭಾನುವಾರಗಳನ್ನು ಕೇಳುವ ಹಕ್ಕಿಲ್ಲ.