ನೊರೆಗೂಡು ಕಟ್ಟುವ ಅಪ್ಪ, ಮರಿ ಹೆರುವ ಅಮ್ಮ

ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದವರು ಇದನ್ನು ಗಮನಿಸಿರಬಹುದು. ದೊಡ್ಡ ತೊಟ್ಟಿಯೊಂದರಲ್ಲಿ ಗಪ್ಪಿ ಮೀನುಗಳು ಹಿಂಡುಹಿಂಡಾಗಿ ಓಡಾಡುತ್ತಿರುತ್ತವೆ. ಪಕ್ಕದ ಹಲಗೆಯ ಮೇಲೆ ಸಾಲಾಗಿಟ್ಟ ಗಾಜಿನ ಶೀಷೆಗಳಲ್ಲಿ ಒಂದೊಂದೇ ಫೈಟರ್ ಮೀನು. ಶೀಷೆಗೆ ಗಾಳಿಯ ಪಂಪ್ ಇಲ್ಲ. 'ಇದು ಸಾಯುವುದಿಲ್ಲವೆ?' ಎಂದು ಮಕ್ಕಳು ಕೇಳುತ್ತಾರೆ. 'ಇದಕ್ಕೆ ಒಂದು ಲೋಟ ನೀರು ಸಾಕು' ಎಂಬ ಉತ್ತರ ಬರುತ್ತದೆ. ಅದು ಅರ್ಧ ಸತ್ಯ ಮಾತ್ರ.

ಫೈಟರ್ ಮೀನಿನ ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಥಾಯ್ಲೆಂಡಿನ ಬತ್ತದ ಗದ್ದೆಗಳು, ಜೌಗು ನೆಲಗಳು ಇದರ ತವರು. ಅಲ್ಲಿನ ಬೆಚ್ಚಗಿನ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಈ ಮೀನಿಗೆ ಕಿವಿರುಗಳ ಮೇಲ್ಗಡೆ ಮಡಿಕೆಮಡಿಕೆಯಾದ, ರಕ್ತನಾಳಗಳಿಂದ ತುಂಬಿದ ಇನ್ನೊಂದು ಅಂಗವಿದೆ. ಆಗಾಗ ಮೇಲೆ ಬಂದು ಬಾಯಿತುಂಬ ಗಾಳಿ ನುಂಗಿ, ಅದರಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಹೀಗೆ ಗಾಳಿ ಉಸಿರಾಡುವಂಥದೇ. ಮೇಲೆ ಬರಲು ಬಿಡದಿದ್ದರೆ ಫೈಟರ್ ಮೀನು ನೀರಿನಲ್ಲೇ ಉಸಿರುಕಟ್ಟಿ ಸಾಯಬಹುದು!

ಆದರೆ ಗಾಳಿಯ ಚಿಂತೆ ತಪ್ಪಿದರೆ ಕೊಳೆಯ ಚಿಂತೆ ತಪ್ಪಿತೆಂದಲ್ಲ. ಮೀನು ಹೊರಹಾಕುವ ಅಮೋನಿಯಾ ಲೋಟದಷ್ಟು ನೀರನ್ನು ಬಹುಬೇಗ ವಿಷವಾಗಿಸುತ್ತದೆ. ಮನೆಗೆ ತಂದ ಕೆಲವೇ ದಿನಗಳಲ್ಲಿ ಮೀನು ಸತ್ತು ಮಗು ಅಳುವುದಕ್ಕೆ ಅನೇಕ ಸಲ ಇದೇ ಕಾರಣ.

ಜಗಳಗಂಟ ಎಂದು ಹೆಸರಾದ ಈ ಗಂಡು ಮೀನು ತಂದೆಯಾಗಿ ಬೇರೆಯೇ ಜೀವಿ. ಜೊಲ್ಲು ಬೆರೆತ ಗಾಳಿಗುಳ್ಳೆಗಳನ್ನು ಉಗುಳುಗುಳಿ ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಕೆಳಗೆ ಇಳಿಯುವ ಮೊಟ್ಟೆಗಳನ್ನು ಬಾಯಿಯಲ್ಲಿ ಹಿಡಿದು ಗೂಡಿಗೆ ಸೇರಿಸುತ್ತದೆ. ಹೆಣ್ಣನ್ನು ಓಡಿಸಿಬಿಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆದ ಮೇಲೂ, ಜಾರಿ ಬೀಳುವ ಮರಿಗಳನ್ನು ಹೆಕ್ಕಿ ಮತ್ತೆ ಗೂಡಿನಲ್ಲಿಡುವ ಕೆಲಸ ಅಪ್ಪನದೇ.

ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪದ ಗಪ್ಪಿಯ ಸಂಸಾರ ಇದಕ್ಕೆ ಪೂರಾ ವಿರುದ್ಧ. ಹೆಣ್ಣು ಮೊಟ್ಟೆ ಇಡುವುದಿಲ್ಲ, ಸುಮಾರು ನಾಲ್ಕು ವಾರಕ್ಕೊಮ್ಮೆ ಈಜಬಲ್ಲ ಮರಿಗಳನ್ನೇ ಹೆರುತ್ತದೆ. ಆಮೇಲೆ ಪಾಲನೆಯ ಮಾತೇ ಇಲ್ಲ. ಹಸಿದರೆ ತಾಯಿಯೇ ಮರಿಗಳನ್ನು ನುಂಗುವುದುಂಟು. ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ಕೆಲವು ತಿಂಗಳು ಕಾಪಿಟ್ಟುಕೊಂಡು ಮತ್ತೆ ಮತ್ತೆ ಬಸುರಾಗಬಲ್ಲದು.

ಗಂಡು ಗಪ್ಪಿಯ ಬಣ್ಣಕ್ಕೂ ಕಥೆಯಿದೆ. ಹೆಚ್ಚು ಬಣ್ಣದ ಗಂಡನ್ನು ಹೆಣ್ಣು ಮೆಚ್ಚುತ್ತದೆ. ಆದರೆ ಬೇಟೆಗಾರ ಮೀನಿನ ಕಣ್ಣಿಗೂ ಅದೇ ಮೊದಲು ಬೀಳುತ್ತದೆ. ಜಾನ್ ಎಂಡ್ಲರ್ ಎಂಬ ವಿಜ್ಞಾನಿ 1976ರಲ್ಲಿ ಟ್ರಿನಿಡಾಡಿನ ಅಪಾಯದ ಹೊಳೆಯೊಂದರಿಂದ ಗಪ್ಪಿಗಳನ್ನು ಹಿಡಿದು, ದೊಡ್ಡ ಬೇಟೆಗಾರರಿಲ್ಲದ ತೊರೆಗೆ ಬಿಟ್ಟರು. ಸುಮಾರು ಎರಡೇ ವರ್ಷದಲ್ಲಿ ಅಲ್ಲಿನ ಗಂಡುಗಳ ಮೈಮೇಲೆ ಚುಕ್ಕೆಗಳು ಹೆಚ್ಚಿ, ದೊಡ್ಡದಾಗಿದ್ದವು. ವಿಕಾಸವಾದ ಎಂದರೆ ಲಕ್ಷಾಂತರ ವರ್ಷಗಳ ಮಾತು ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವವರು ಇದನ್ನು ಓದಬೇಕು.

ಇವೆರಡನ್ನೂ ಒಂದೇ ತೊಟ್ಟಿಯಲ್ಲಿಡಬಹುದೆ? ಬೇಡ. ಗಂಡು ಗಪ್ಪಿಯ ಅಗಲ ಬಾಲವನ್ನು ಕಂಡು, ಎದುರಾಳಿ ಬಂದನೆಂದೇ ಫೈಟರ್ ಎಗರಿಬೀಳಬಹುದು. ಫೈಟರ್‌ಗೆ ಹದಿನೈದು ಲೀಟರಾದರೂ ನೀರು, ಜಿಗಿಯದಂತೆ ಮುಚ್ಚಳ, ಮುಚ್ಚಳದ ಕೆಳಗೆ ಗಾಳಿಗೆ ಜಾಗ ಇರಲಿ. ಗಪ್ಪಿಗಳು ಗುಂಪಿನಲ್ಲಿರಲಿ.

ಗಪ್ಪಿಗಳು ಮಿತಿಮೀರಿದಾಗ ಊರ ಕೆರೆಗೆ ಬಿಟ್ಟುಬರುವ ಅಭ್ಯಾಸ ಕೆಲವರಿಗಿದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯೇ ಇವನ್ನು ಬಾವಿ, ತೊಟ್ಟಿಗಳಿಗೆ ಬಿಡಿಸುವುದುಂಟು, ನಿಜ. ಆದರೆ ಮುಚ್ಚಿದ ತೊಟ್ಟಿ ಬೇರೆ, ಮಳೆಗೆ ಕೋಡಿ ಬಿದ್ದು ಹೊಳೆ ಸೇರುವ ಕೆರೆ ಬೇರೆ. ಅಲ್ಲಿ ಹೊಟ್ಟೆ ತುಂಬಿದ ಒಂದೇ ಒಂದು ಹೆಣ್ಣು ಗಪ್ಪಿ ಸಾಕು, ವಂಶ ಬೆಳೆಯಲು. ನಮ್ಮ ಸಣ್ಣ ಮೀನುಗಳ ಮೇವಿಗೂ ಮರಿಗಳಿಗೂ ಅದು ಪಾಲುಗಾರ. ಹೆಚ್ಚಾದ ಮರಿಗಳನ್ನು ಕೊಂಡ ಅಂಗಡಿಗೇ ಹಿಂದಿರುಗಿಸಬಹುದು, ಇಲ್ಲವೆ ಗಂಡು ಹೆಣ್ಣುಗಳನ್ನು ಮೊದಲಿನಿಂದಲೇ ಬೇರೆಬೇರೆ ಸಾಕಬಹುದು.