ಕಿಸೆಯೊಳಗೆ ನೆಟ್ಟು, ಅಂಗಡಿಯೊಳಗೆ ಕೀಬೋರ್ಡು

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಹೋಗುವಾಗ ರಸ್ತೆಯ ಬದಿಗೆ ಹತ್ತಡಿ ಅಗಲದ ಅಂಗಡಿಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಮುಂಜಾನೆ ಶಟರ್ ಮೇಲೆತ್ತಿದ ಮಾಲೀಕ ಗಣಪತಿಯ ಫೋಟೊಕ್ಕೆ ಊದುಬತ್ತಿ ಬೆಳಗಿ, ಅದೇ ಊದುಬತ್ತಿಯನ್ನು ಝೆರಾಕ್ಸ್ ಯಂತ್ರಕ್ಕೂ ಕಂಪ್ಯೂಟರಿಗೂ ಒಂದೊಂದು ಸುತ್ತು ತೋರಿಸಿ ಸ್ವಿಚ್ ಒತ್ತುತ್ತಾನೆ. ಯಂತ್ರ ಬಿಸಿಯಾಗುವವರೆಗೆ ಅರ್ಧ ಕಪ್ ಚಹಾ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಹುಡುಗರು ಬಾಗಿಲಲ್ಲೇ ಛತ್ರಿ ಕೊಡವಿ ಒಳಗೆ ಬಂದರೆ ಟೋನರಿನ ಕಮಟು, ಬಿಸಿ ಕಾಗದದ ಹಿತವಾದ ವಾಸನೆ, ಲ್ಯಾಮಿನೇಷನ್ ಹಾಳೆ ಕರಗುವ ಘಾಟು ಎಲ್ಲ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಗಾಜಿನಡಿ ಬೆಳಕಿನ ಪಟ್ಟಿ ಆಚೆಯಿಂದೀಚೆಗೆ ಸರಿದಾಡುತ್ತದೆ. ಮೂಲೆಯಲ್ಲಿ ಒಬ್ಬಾತ ಸ್ಪೈರಲ್ ಬೈಂಡಿಂಗಿನ ಹಿಡಿಕೆಯನ್ನು ಕಟಕ್ ಕಟಕ್ ಎಂದು ಒತ್ತುತ್ತಲೇ ಇದ್ದಾನೆ.

ಬನ್ನಿ, ಈ ಬೆಂಚಿನ ತುದಿಗೆ ಕೂತುಕೊಳ್ಳೋಣ. ಇಲ್ಲಿಂದ ಕಂಪ್ಯೂಟರಿನ ಪರದೆಯೂ ಕಾಣುತ್ತದೆ, ಅದರ ಮುಂದೆ ನಿಂತವರ ಮುಖವೂ ಕಾಣುತ್ತದೆ.

ನಿಂತವಳು ಎಂ.ಎ. ಮೊದಲ ವರ್ಷದ ಹುಡುಗಿ. ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲಿನಲ್ಲಿ ಅವಳ ಇಡೀ ಜಾತಕವಿದೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕು. ‘ಆರ್‌ಡಿ ನಂಬರ್ ಹೇಳ್ರಿ’ ಎನ್ನುತ್ತಾನೆ ಅಂಗಡಿಯವನು, ಪರದೆಯಿಂದ ಕಣ್ಣು ತೆಗೆಯದೆ. ಅವಳು ಪ್ರಮಾಣಪತ್ರ ನೋಡಿಕೊಂಡು ಸೊನ್ನೆಗಳನ್ನು ಎಣಿಸಿ ಎಣಿಸಿ ಹೇಳುತ್ತಾಳೆ. ಫೋಟೊ ದೊಡ್ಡದಾಯಿತೆಂದು ಪೋರ್ಟಲ್ ತಳ್ಳಿಹಾಕುತ್ತದೆ. ಅವನು ಅದನ್ನು ಐವತ್ತು ಕೆಬಿಗೆ ಇಳಿಸಿ ಮತ್ತೆ ಏರಿಸುತ್ತಾನೆ. ಎಲ್ಲ ಮುಗಿದು ಕೊನೆಯ ಗುಂಡಿ ಒತ್ತುವಾಗ ಓಟಿಪಿ ಬೇಕು. ಅದು ಅವಳ ಫೋನಿಗೆ ಬರುವುದಿಲ್ಲ. ಆಧಾರಿಗೆ ಜೋಡಿಸಿರುವುದು ಅಪ್ಪನ ನಂಬರು, ಅಪ್ಪ ಇರುವುದು ಊರಿನ ಹೊಲದಲ್ಲಿ.

‘ಅಪ್ಪಾ, ಫೋನಿಗೆ ಒಂದ್ ಮೆಸೇಜ್ ಬಂದೈತಿ ನೋಡು. ಆರು ನಂಬರ್ ಅದಾವು. ಅಲ್ಲ, ಕಟ್ ಮಾಡಬ್ಯಾಡ, ಕಟ್ ಮಾಡಬ್ಯಾಡ!’ ಫೋನು ಕಟ್ ಆಗುತ್ತದೆ. ಮತ್ತೆ ಹಚ್ಚುತ್ತಾಳೆ. ಈ ಸಲ ಅಪ್ಪ ಪಕ್ಕದ ಹೊಲದ ಹುಡುಗನನ್ನು ಕೂಗಿ ಕರೆಯುವುದು ಇಲ್ಲಿಯವರೆಗೂ ಕೇಳುತ್ತದೆ. ಆ ಹುಡುಗ ಓಡಿಬಂದು, ಮೆಸೇಜು ಹುಡುಕಿ, ಉಸಿರು ಬಿಗಿಹಿಡಿದು ಒಂದೊಂದೇ ಅಂಕಿ ಓದುತ್ತಾನೆ. ಅವಳು ಅದನ್ನು ಜೋರಾಗಿ ಒಪ್ಪಿಸುತ್ತಾಳೆ, ಅಂಗಡಿಯವನು ಕುಟ್ಟುತ್ತಾನೆ. ಅಷ್ಟರಲ್ಲಿ ಹೊತ್ತು ಮೀರಿದೆ. ‘ಇನ್ನೊಮ್ಮೆ ಕಳಸ್ತೀನ್ರಿ, ಅಪ್ಪಾರಿಗೆ ಫೋನ್ ಕೈಯಾಗ ಹಿಡಕೊಂಡ ನಿಂದ್ರಾಕ ಹೇಳ್ರಿ’ ಎನ್ನುತ್ತಾನೆ ಅಂಗಡಿಯವನು. ಅವನ ದನಿಯಲ್ಲಿ ಬೇಸರವಿಲ್ಲ. ದಿನಕ್ಕೆ ಇಂಥವು ಎಷ್ಟೋ.

ಇಷ್ಟೆಲ್ಲ ಆಗುವಾಗ ಹುಡುಗಿಯ ಕೈಯಲ್ಲಿ ಒಳ್ಳೆಯ ಸ್ಮಾರ್ಟ್‌ಫೋನ್ ಇದೆ, ಅದರಲ್ಲಿ ನೆಟ್ಟೂ ಇದೆ ಎಂಬುದನ್ನು ಗಮನಿಸಿ. ಇದೇ ಅರ್ಜಿಯನ್ನು ಅವಳು ಹಾಸ್ಟೆಲಿನ ಮಂಚದ ಮೇಲೆ ಕೂತು ಹಾಕಬಹುದಿತ್ತಲ್ಲ ಎಂದು ನಿಮಗನ್ನಿಸಿದರೆ ತಪ್ಪಲ್ಲ. ಕೇಳಿದರೆ ಅವಳು ನಗುತ್ತಾಳೆ: ‘ಮೊಬೈಲಿನಾಗ ಆಗತೈತ್ರಿ, ಆದ್ರ ಒಂದ್ ತಪ್ಪಾದ್ರ ವರ್ಷದ ರೊಕ್ಕ ಹೋಗತೈತಿ.’ ವಿದ್ಯಾರ್ಥಿವೇತನವೊಂದೇ ಅಲ್ಲ, ವಿಶ್ವವಿದ್ಯಾಲಯದ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ 2021ರಿಂದೀಚೆಗೆ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಯೊಳಗೆ ಬಂದು ಸೇರಿವೆ. ಅದಕ್ಕೂ ಮುಂಚೆ ಕೌಂಟರಿನ ಕಿಂಡಿಯ ಮುಂದೆ ಚಲನ್ ಹಿಡಿದು ನಿಲ್ಲುತ್ತಿದ್ದ ಸಾಲು ಈಗ ಕರಗಿದೆ. ಕರಗಿದ ಸಾಲಿನ ಒಂದು ಭಾಗ ಈ ಬೆಂಚಿಗೆ ಬಂದು ಕೂತಿದೆ.

ಈ ಅಂಗಡಿಗೆ ಹಿಂದೆ ಇನ್ನೊಂದು ರೂಪವಿತ್ತು. ಗೋಡೆಯುದ್ದಕ್ಕೂ ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿನಲ್ಲಿ ಹೊಟ್ಟೆ ದೊಡ್ಡದಾದ ಮಾನಿಟರು, ಬಾಲ್ ಇರುವ ಮೌಸು, ಅಕ್ಷರ ಅಳಿಸಿಹೋದ ಕೀಬೋರ್ಡು. ಬಾಗಿಲಲ್ಲಿ ಒಂದು ರಿಜಿಸ್ಟರು. ಹೆಸರು, ವಿಳಾಸ, ಒಳಹೋದ ಹೊತ್ತು ಬರೆದು ಗುರುತಿನ ಚೀಟಿ ತೋರಿಸಿದ ಮೇಲೇ ಕುರ್ಚಿ. ಸೈಬರ್ ಕೆಫೆಗಳಿಗೆ ಕರ್ನಾಟಕ 2004ರಲ್ಲೇ ನಿಯಮ ಮಾಡಿತ್ತು. 2011ರಲ್ಲಿ ಕೇಂದ್ರದ ನಿಯಮವೂ ಬಂದು, ಗೂಡಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದೆಂದಿತು. ಗೂಡಿನೊಳಗೆ ಕೂತವನ ತಲೆ ಮಾಲೀಕನಿಗೆ ಕಾಣಬೇಕಲ್ಲ! ತಾಸಿನ ಲೆಕ್ಕದ ದುಡ್ಡು. ಯಾಹೂ ಮೇಲ್ ತೆರೆದುಕೊಳ್ಳುವುದರೊಳಗೆ ಕಾಲು ತಾಸು ಕಳೆದ ಹಾಗೆ ಅನ್ನಿಸಿ ಹೊಟ್ಟೆಯೊಳಗೆ ತಳಮಳ. ಫಲಿತಾಂಶದ ದಿನ ಒಬ್ಬ ಕೂತರೆ ಬೆನ್ನ ಹಿಂದೆ ಆರು ಜನ. ಒಬ್ಬನ ಅಂಕ ಆರೂ ಜನರಿಗೆ ಗೊತ್ತು.

ಅದಕ್ಕೂ ಹಿಂದೆ ಹೋದರೆ ಕತೆ ಸಣ್ಣದು. ದೇಶದಲ್ಲಿ ಎರ್ನೆಟ್ ಎಂಬ ಜಾಲ ಎಂಬತ್ತರ ದಶಕದಲ್ಲೇ ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆಗಳಂಥ ಕೆಲವೇ ಅಂಗಳಗಳನ್ನು ಬೆಸೆದಿತ್ತು. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ, ಫೋನಿನ ತಂತಿಯಲ್ಲಿ ಕಿರ್ರ್ ಕೀಂವ್ ಎಂದು ಕೂಗಿಕೊಂಡು ಬರುತ್ತಿದ್ದ ಆ ಸಂಪರ್ಕ ಇಲ್ಲಿನ ಬಹುಪಾಲು ವಿದ್ಯಾರ್ಥಿಗಳಿಗೆ ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ.

ಸೈಬರ್ ಕೆಫೆಯ ಗೂಡುಗಳನ್ನು ಕಿತ್ತುಹಾಕಿಸಿದ್ದು ಯಾವ ನಿಯಮವೂ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಮೊದಲ ತಿಂಗಳುಗಳಲ್ಲಿ ಡೇಟಾ ಪುಕ್ಕಟೆ. ಆಮೇಲೆ ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯಿತು. ತಾಸಿಗಿಷ್ಟು ಎಂದು ಕೊಂಡುಕೊಳ್ಳುತ್ತಿದ್ದ ನೆಟ್ಟು ದಿನಕ್ಕೆ ಒಂದೂವರೆ ಜಿಬಿಯಾಗಿ ಕಿಸೆಗೆ ಬಂತು. ಗೂಡಿನ ಪ್ಲೈವುಡ್ಡು ಗುಜರಿಗೆ ಹೋಯಿತು, ಆ ಜಾಗದಲ್ಲಿ ಎರಡನೆಯ ಝೆರಾಕ್ಸ್ ಯಂತ್ರ ಬಂದು ಕೂತಿತು.

ಇನ್ನು ವಿಶ್ವವಿದ್ಯಾಲಯದ ಆವರಣದೊಳಗೆ ಹೋಗೋಣ. 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿದ ವಿಶ್ವವಿದ್ಯಾಲಯ ಇದು. ಶಿ.ಶಿ. ಬಸವನಾಳರ ಹೆಸರು ಹೊತ್ತ ಗ್ರಂಥಾಲಯದ ಕಡೆ ನಡೆದರೆ, ಮರದ ಬುಡಕ್ಕೆ ಕೂತವರೂ ಮೆಟ್ಟಿಲ ಮೇಲೆ ಕೂತವರೂ ಫೋನಿಗೆ ತಲೆಬಾಗಿಸಿದ್ದಾರೆ. ರೀಲ್ಸ್ ನೋಡುತ್ತಿದ್ದಾರೆಂದು ಮೇಷ್ಟರುಗಳು ಗೊಣಗುವುದುಂಟು, ಅದು ಪೂರಾ ಸುಳ್ಳೂ ಅಲ್ಲ. ಆದರೆ ಹಿಂದಿನಿಂದ ಸ್ವಲ್ಪ ಬಗ್ಗಿ ನೋಡಿ: ಒಬ್ಬಳ ಪರದೆಯ ಮೇಲೆ ಕರಿಹಲಗೆಯ ಫೋಟೊ; ಪಾಠ ಬರೆದುಕೊಳ್ಳುವ ಬದಲು ಚಿತ್ರ ತೆಗೆದಿಟ್ಟು ಈಗ ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾಳೆ. ಇನ್ನೊಬ್ಬ ಟೆಲಿಗ್ರಾಂ ಗುಂಪಿನಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆಸೆಟ್‌ನ ಹಳೇ ಪ್ರಶ್ನೆಪತ್ರಿಕೆ ಹುಡುಕುತ್ತಿದ್ದಾನೆ. ಮತ್ತೊಬ್ಬ ಸಂಶೋಧನಾ ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಿಂದ ಇಳಿಸಿದ ಪಿಎಚ್‌ಡಿ ಪ್ರಬಂಧವೊಂದನ್ನು ಆರಿಂಚಿನ ಪರದೆಯಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ, ಸಾಲಿನ ತುದಿಗೆ ಹೋಗಿ, ಮತ್ತೆ ಎಡಕ್ಕೆ ಎಳೆದು ಓದುತ್ತಿದ್ದಾನೆ. ಅಡಿಟಿಪ್ಪಣಿ ನೋಡಬೇಕೆಂದರೆ ಪುಟವೇ ಕಳೆದುಹೋಗುತ್ತದೆ. ಇಡೀ ಪ್ರಬಂಧವನ್ನು ಹೀಗೆ ಓದುವ ತಾಳ್ಮೆ ನನಗಂತೂ ಇಲ್ಲ.

ಓದಲು ಸಿಗುವ ಸಾಮಗ್ರಿಗೆ ಬರವಿಲ್ಲ. 2025ರ ಆರಂಭದಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಜಾರಿಗೆ ಬಂದಿದೆ. ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಮೂರು ವರ್ಷಕ್ಕೆ ಕೇಂದ್ರ ಇಟ್ಟ ಹಣ 6,000 ಕೋಟಿ ರೂಪಾಯಿ. ಬಾಗಿಲು ತೆರೆದದ್ದು ದೊಡ್ಡದೇ. ಆ ಬಾಗಿಲೊಳಗೆ ಹೋದ ಮೇಲೆ ಕೂತು ಟಿಪ್ಪಣಿ ಮಾಡಲು, ಎರಡು ಲೇಖನ ಪಕ್ಕಪಕ್ಕ ಇಟ್ಟು ನೋಡಲು ಒಂದು ಅಗಲವಾದ ಪರದೆ ಬೇಕು. ಅದು ಎಷ್ಟು ಜನರ ಹತ್ತಿರ ಇದೆ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನವರು 2017-18ರಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ 4.4, ಇಂಟರ್‌ನೆಟ್ ಸೌಕರ್ಯ ಇದ್ದವು ಶೇ 14.9. ಪಟ್ಟಣಗಳಲ್ಲಿ ಇವು ಶೇ 23.4 ಮತ್ತು ಶೇ 42. ಆಮೇಲೆ ಫೋನು ಹಳ್ಳಿಹಳ್ಳಿಗೆ ನುಗ್ಗಿತು. ಕಂಪ್ಯೂಟರಿಗೆ ಆ ಓಟ ಸಿಗಲಿಲ್ಲ.

ರಾಜ್ಯ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. ಕೋವಿಡ್ ಹೊತ್ತಿನಲ್ಲಿ, 2021ರ ಜೂನಿನಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಲು ತೊಡಗಿತು. ಪಾಠ ನೋಡಲು ಟ್ಯಾಬ್ ಬಂದದ್ದು ಒಳ್ಳೆಯದೇ ಆಯಿತು. ಕೀಲಿಮಣೆ ಮಾತ್ರ ಅದಕ್ಕೂ ಇರಲಿಲ್ಲ.

ಹಾಸ್ಟೆಲಿನಲ್ಲಿ ಸಂಜೆ ಊಟದ ಗಂಟೆಯ ಹೊತ್ತಿಗೆ ಹಲವರ ಡೇಟಾ ತೀರಿರುತ್ತದೆ. ‘ಲೇ ದೋಸ್ತಾ, ಚೂರು ಹಾಟ್‌ಸ್ಪಾಟ್ ಹಚ್ಚಲೇ’ ಎಂಬ ಬೇಡಿಕೆ ಕೋಣೆಯಿಂದ ಕೋಣೆಗೆ ಓಡಾಡುತ್ತದೆ. ಹಿಂದೆ ಪಕ್ಕದ ಮನೆಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಹೋಗುತ್ತಿದ್ದಂತೆ ಇದು. ಕೊಟ್ಟವನೂ ಲೆಕ್ಕ ಇಡುವುದಿಲ್ಲ, ಇಸಕೊಂಡವನೂ ಮರೆಯುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬೀಳುತ್ತದೆ. ದೊಡ್ಡ ಫೈಲು ಇಳಿಸಿಕೊಳ್ಳುವವರು ಅದಕ್ಕೇ ಕಾದು ಎದ್ದಿರುತ್ತಾರೆ.

ಬರೆಯುವ ಕೆಲಸಕ್ಕೆ ಹೊಸದೊಂದು ದಾರಿ ಸಿಕ್ಕಿದೆ. 2017ರಲ್ಲಿ ಗೂಗಲ್ ಕನ್ನಡದಲ್ಲೂ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಕೊಟ್ಟಿತು. ಅಸೈನ್‌ಮೆಂಟ್ ಬರೆಯಬೇಕಾದ ಹುಡುಗ ಕಾರಿಡಾರಿನ ತುದಿಗೆ ಹೋಗಿ ಫೋನಿಗೆ ಬಾಯಿ ಹಚ್ಚಿ ಮಾತಾಡುತ್ತಾನೆ. ಅವನ ಮನೆಮಾತು ‘ಹೋಗ್ಯಾರ, ಬಂದಾರ’. ಫೋನಿಗೆ ಬೇಕಾದದ್ದು ‘ಹೋಗಿದ್ದಾರೆ, ಬಂದಿದ್ದಾರೆ’. ಎರಡು ದಿನದಲ್ಲಿ ಹುಡುಗ ರೇಡಿಯೊ ವಾರ್ತೆ ಓದುವವನ ಹಾಗೆ ಮಾತಾಡಲು ಕಲಿತ. ಗೆಳೆಯರು ಅವನನ್ನು ‘ಪ್ರದೇಶ ಸಮಾಚಾರ’ ಎಂದು ಕರೆಯುತ್ತಾರೆ.

ಸಂಶೋಧನೆ ಮಾಡುವವರಿಗೆ ಇಷ್ಟಕ್ಕೆ ಮುಗಿಯುವುದಿಲ್ಲ. ಅವರನ್ನು ನೋಡಬೇಕೆಂದರೆ ಇನ್ನೊಂದು ಬೀದಿಯ ಡಿಟಿಪಿ ಸೆಂಟರಿಗೆ ಬರಬೇಕು. ಇಲ್ಲಿ ಗದ್ದಲ ಕಡಿಮೆ. ಕಟ್ಟುಗಟ್ಟಲೆ ಕೈಬರಹದ ಹಾಳೆಗಳು, ಅಂಚಿನಲ್ಲಿ ಮಾರ್ಗದರ್ಶಕರ ಕೆಂಪು ಶಾಯಿ. ಆಪರೇಟರ್ ಹೆಂಗಸು ಹಾಳೆಯತ್ತಲೇ ನೋಡುತ್ತ, ಕೀಲಿಗಳ ಕಡೆಗೆ ಕಣ್ಣೂ ಹಾಯಿಸದೆ ಕುಟ್ಟುತ್ತಾರೆ. ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸ; ಕ ಒತ್ತಿ, ಎಫ್ ಕೀಲಿ ಒತ್ತಿ, ಮತ್ತೆ ಕ ಒತ್ತಿದರೆ ‘ಕ್ಕ’. ಅವರ ಎಡಗೈ ತೋರುಬೆರಳು ಆ ಎಫ್ ಮೇಲೆ ಬಂದು ಬಂದು ಕೂರುವುದನ್ನು ನೋಡುತ್ತ ಕೂತರೆ ಕನ್ನಡದಲ್ಲಿ ಒತ್ತಕ್ಷರ ಎಷ್ಟೊಂದಿವೆ ಎಂಬುದು ಕಣ್ಣಿಗೇ ಕಾಣುತ್ತದೆ.

ತೊಡಕು ಬರುವುದು ಆಮೇಲೆ. ಹಳೆಯ ‘ನುಡಿ’ ಫಾಂಟಿನಲ್ಲಿ ಬೆರಳಚ್ಚಾದ ಅಧ್ಯಾಯವನ್ನು ವಿದ್ಯಾರ್ಥಿ ತನ್ನ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ತಲೆಮೇಲೆ ಚುಕ್ಕಿ, ಬಾಲ, ಟೊಪ್ಪಿಗೆ ಇಟ್ಟ ರೋಮನ್ ಅಕ್ಷರಗಳ ಜಾತ್ರೆ. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ರೋಮನ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ್ದು, ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡಿಗೆ ಬದಲಿಸಿದರೆ ಸರಿಯಾಗುತ್ತದೆ, ಆದರೆ ಅಲ್ಲೊಂದು ಇಲ್ಲೊಂದು ಅರ್ಕಾವೊತ್ತು ಜಾಗ ತಪ್ಪಿರುತ್ತದೆ, ಮತ್ತೆ ಮುನ್ನೂರು ಪುಟ ಕರಡು ತಿದ್ದಬೇಕು. ಅದಕ್ಕೆ ಎಷ್ಟೋ ಜನ ಹಳೆಯ ಫಾಂಟಿನಲ್ಲೇ ಪಿಡಿಎಫ್ ಮಾಡಿ ಕೊಟ್ಟುಬಿಡುತ್ತಾರೆ. ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ್ದರಿಂದಲೇ ಶೋಧಗಂಗಾ ತುಂಬಿದ್ದು. ಆದರೆ ಹೀಗೆ ಸೇರಿದ ಕನ್ನಡ ಪ್ರಬಂಧದೊಳಗಿನ ಒಂದು ಮಾತನ್ನು ಹುಡುಕುಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಬರೆದು ಹುಡುಕಿದರೆ ಅದು ಸಿಗುವುದಿಲ್ಲ. ಐದು ವರ್ಷದ ದುಡಿಮೆ ಎಲ್ಲರ ಕೈಗೂ ಎಟುಕುವ ಕಪಾಟಿನಲ್ಲಿದೆ, ಆದರೆ ಒಳಗಿನಿಂದ ಚಿಲಕ ಹಾಕಿಕೊಂಡಿದೆ. ನನಗೆ ಇದು ಸಿಗ್ನಲ್ ಇಲ್ಲದ್ದಕ್ಕಿಂತ ದೊಡ್ಡ ನಷ್ಟ ಎನ್ನಿಸುತ್ತದೆ. ಸಿಗ್ನಲ್ ಇಲ್ಲವೆಂದು ಕೂಗುವವರಾದರೂ ಇದ್ದಾರೆ.

ಆಪರೇಟರಮ್ಮನ ಪಕ್ಕದ ಕುರ್ಚಿಯಲ್ಲಿ ಜಾನಪದದ ಸಂಶೋಧನಾ ವಿದ್ಯಾರ್ಥಿನಿ ಕೂತಿದ್ದಾಳೆ. ಟೈಪಿಸುವವರಿಗೆ ಹಳ್ಳಿಯ ಹಾಡುಗಾರ್ತಿಯರ ಮಾತು ‘ತಪ್ಪು’ ಎನ್ನಿಸಿ ತಾವೇ ತಿದ್ದಿಬಿಡುತ್ತಾರೆಂದು ಆಕೆಯ ದೂರು. ‘ಮಾಡ್ಯಾಳ’ ಎಂದು ಬರೆದುಕೊಟ್ಟರೆ ‘ಮಾಡಿದ್ದಾಳೆ’ ಆಗಿ ಬಂದಿರುತ್ತದೆ. ಅದಕ್ಕೆ ಕಳೆದ ಚಳಿಗಾಲದಲ್ಲಿ ತಾನೇ ಕಲಿಯಲು ಕೂತಳು. ಸಂಜೆ ಆರಾದ ಮೇಲೆ ಎರಡನೆಯ ಕಂಪ್ಯೂಟರು ಖಾಲಿ ಇರುತ್ತದೆ. ಪುಟದ ಲೆಕ್ಕ ಬಿಟ್ಟು ತಾಸಿನ ಲೆಕ್ಕ ಮಾಡಿಕೊಂಡಿದ್ದಾಳೆ. ಯೂನಿಕೋಡಿನಲ್ಲೇ ಕುಟ್ಟುತ್ತಾಳೆ. ಮೊದಲ ವಾರ ಒಂದು ಪುಟಕ್ಕೆ ಒಂದು ತಾಸು, ಪಕ್ಕದಲ್ಲಿ ಆಪರೇಟರಮ್ಮನ ಮುಸಿನಗು. ಈಗ ಬೆರಳು ಓಡುತ್ತಿದೆ. ಆಗಾಗ ಆಪರೇಟರಮ್ಮನೇ ಅವಳ ಕಡೆ ತಿರುಗಿ, ‘ಈ ಶಬ್ದ ಹಿಂಗ ಇರ್ಲೇನವಾ, ತಿದ್ದಲೇನು?’ ಎಂದು ಬೇರೆಯವರ ಹಾಳೆ ತೋರಿಸಿ ಕೇಳುತ್ತಾರೆ.

ಮಾಲೀಕರೂ ಇದನ್ನು ಗಮನಿಸಿದ್ದಾರೆ. ಲೆಕ್ಕದ ಪುಸ್ತಕ ಮುಚ್ಚಿ, ಕನ್ನಡಕ ಹಣೆಗೇರಿಸಿ ಕೇಳಿದರು: ‘ನಿಮ್ಮದ ಮುಗದ ಮ್ಯಾಲೆ ನಮ್ಮಲ್ಲೇ ಕೂಡ್ತೀರೇನ್ರಿ? ಥೀಸಿಸ್ ಬಾಳ ಬಂದಾವು.’

ಅವಳು ಸಾಲು ಮುಗಿಸಿ, ಸೇವ್ ಒತ್ತಿ, ಪೆನ್‌ಡ್ರೈವ್ ಕಿತ್ತುಕೊಂಡು ತಿರುಗಿದಳು.

‘ಪೇಜಿಗೆ ಎಷ್ಟ ಕೊಡ್ತೀರಿ ಅಣ್ಣಾರ?’